ಕಮಲಾಪುರದ ಕೆರೆ ಮತ್ತು ಪವರ್ ಕಾಲುವೆ

ಕಮಲಾಪುರ ಎಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ಹಂಪಿಯ ದಾರಿ ನೆನಪಾಗುತ್ತದೆ. ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯ ನೆನಪಾಗುತ್ತದೆ. ಊರಿಗೆ ಅಂಟಿಕೊಂಡ ದೊಡ್ಡ ಕೆರೆ ನೆನಪಾಗುತ್ತದೆ. ಅದೇ ಊರಿನ ಮಗ್ಗುಲಲ್ಲಿ ಒಂದು ಪವರ್ ಕಾಲುವೆಯೂ ಇದೆ. ಆ ಕಾಲುವೆಯ ಕೊನೆಯಲ್ಲಿ ಹಂಪಿ ಪವರ್ ಹೌಸ್ ಇದೆ. ಕೆರೆ ವಿಜಯನಗರ ಅರಸರ ಕಾಲದ್ದು. ಪವರ್ ಹೌಸ್ ಸ್ವಾತಂತ್ರ್ಯ ಬಂದ ನಂತರದ್ದು. ಎರಡಕ್ಕೂ ನೀರು ಕೊಡುವವಳು ಒಬ್ಬಳೇ, ತುಂಗಭದ್ರೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಇಂದು ಒಂದು ಪ್ರಶ್ನೆ ಕೇಳೋಣ. ಮಳೆ ಕಡಿಮೆಯಿರುವ ನಾಡಿನಲ್ಲಿ, ತುಂಬಿನಿಂತ ನೀರಿನಿಂದ ವಿದ್ಯುತ್ ಏನನ್ನು ತೆಗೆದುಕೊಳ್ಳಬಹುದು? ಏನನ್ನು ಮುಟ್ಟಬಾರದು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ತು ನೀರಿನ ಇಳಿತವನ್ನು ತೆಗೆದುಕೊಳ್ಳಲಿ. ಮೇಲಿನಿಂದ ಕೆಳಗೆ ಬೀಳುವಾಗ ನೀರಿಗೆ ಬರುವ ಬಲವನ್ನು ತೆಗೆದುಕೊಳ್ಳಲಿ. ಆದರೆ ನೀರು ಎಷ್ಟು, ನೀರು ಯಾವಾಗ ಎಂಬುದನ್ನು ಕುಡಿಯುವವರು, ಬೆಳೆಯುವವರು ಮತ್ತು ನದಿ ಗೊತ್ತುಮಾಡಬೇಕು. ಈ ಮಾತಿಗೆ ಆಧಾರವೇನು, ಇದಕ್ಕೆ ಬರುವ ಆಕ್ಷೇಪಗಳೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನೆಲವನ್ನು ಮನಸ್ಸಿನಲ್ಲಿ ಹಾಸಿಕೊಳ್ಳಿ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು. ಕಬ್ಬಿಣದ ಅದಿರಿನ ಕೆಂಪು ಮಣ್ಣಿನ ಬೆಟ್ಟಗಳು ಅವು. ಉತ್ತರಕ್ಕೆ ಹಂಪಿಯ ಬೋಳು ಬಂಡೆಗಳ ಗುಡ್ಡಗಳು. ಆ ಬಂಡೆಗಳ ನಡುವೆ ದಾರಿ ಮಾಡಿಕೊಂಡು ನದಿ ಈಶಾನ್ಯಕ್ಕೆ, ಕಂಪ್ಲಿಯ ಕಡೆಗೆ ಹರಿಯುತ್ತದೆ. ಬೆಟ್ಟಕ್ಕೂ ನದಿಗೂ ನಡುವೆ ಇಳಿಜಾರಾದ ಒಂದು ಪಟ್ಟಿ. ಹೊಸಪೇಟೆ, ಕಮಲಾಪುರ ಈ ಪಟ್ಟಿಯ ಮೇಲಿವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಐವತ್ತು ಅರವತ್ತು ಸೆಂಟಿಮೀಟರ್ ಇದ್ದರೆ ಹೆಚ್ಚು. ಭತ್ತಕ್ಕೆ, ಕಬ್ಬಿಗೆ, ಬಾಳೆಗೆ ಇದು ಏನೇನೂ ಸಾಲದು. ಆದರೂ ಹಂಪಿಯ ಕಣಿವೆಯಲ್ಲಿ ಬಾಳೆ ಇದೆ. ಹೊಸಪೇಟೆಯ ಸುತ್ತ ಕಬ್ಬು ಇದೆ. ಕಂಪ್ಲಿಯ ಸುತ್ತ ಭತ್ತ ಇದೆ. ಈ ಹಸಿರು ಮಳೆಯದ್ದಲ್ಲ. ನದಿಗೆ ಒಡ್ಡು ಕಟ್ಟಿ, ಕಾಲುವೆ ತೋಡಿ, ಸಾಲಿಗೆ ಸಾಲು ನೀರನ್ನು ತಿರುಗಿಸಿದವರ ಕೆಲಸ ಇದು. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ತುರ್ತು ಕಾಲುವೆ, ಕಾಳಘಟ್ಟ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ. ಈ ಹೆಸರುಗಳು ಇಲ್ಲಿಯ ರೈತರ ಬಾಯಲ್ಲಿ ಇಂದಿಗೂ ಇವೆ. ವಿಜಯನಗರದ ಈ ಕಾಲುವೆಗಳು ಇಂದಿಗೂ ಸುಮಾರು ಮೂವತ್ತು ಸಾವಿರ ಎಕರೆಗೆ ನೀರು ಕೊಡುತ್ತಿವೆ.

ಕಮಲಾಪುರದ ಕೆರೆಗೆ ನೀರು ತರುವುದು ಈ ಪೈಕಿ ರಾಯ ಕಾಲುವೆ. ಈ ಸಂಗತಿಯನ್ನು ಸ್ವಲ್ಪ ಗಮನವಿಟ್ಟು ಕೇಳಿ. ಇಡೀ ವಾದದ ಬೇರು ಇಲ್ಲಿದೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ಹಳ್ಳದ ನೀರನ್ನು ನಂಬಿದವು. ಮಳೆ ಬಂದರೆ ಹಳ್ಳ ಬರುತ್ತದೆ, ಹಳ್ಳ ಬಂದರೆ ಕೆರೆ ತುಂಬುತ್ತದೆ. ಕಮಲಾಪುರದ ಕೆರೆ ಹಾಗಲ್ಲ. ಇದಕ್ಕೆ ನದಿಯ ನಂಟು ಇದೆ. ನೂರಾರು ಕಿಲೋಮೀಟರ್ ದೂರದ ಮಲೆನಾಡಿನಲ್ಲಿ, ಗಂಗಾಮೂಲದ ಗುಡ್ಡಗಳಲ್ಲಿ ಬಿದ್ದ ಮಳೆ ಇಲ್ಲಿಯ ಏರಿಗೆ ಬಂದು ತಾಗುತ್ತದೆ. ಇಲ್ಲಿಂದ ಹೊರಟ ನೀರು ಅರಮನೆಯ ಆವರಣಕ್ಕೂ ಹೋಗುತ್ತಿತ್ತು. ಹಂಪಿಯಲ್ಲಿ ಕಲ್ಲಿನ ಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಳನ್ನು ನೀವು ಕಂಡಿರಬಹುದು. ಒಂದೊಂದು ಕಲ್ಲನ್ನೂ ಉದ್ದಕ್ಕೆ ಕೊರೆದು, ತುದಿಗೆ ತುದಿ ಕೂಡಿಸಿ ಮಾಡಿದ ನೀರಿನ ದಾರಿ ಅದು. ಆ ದೋಣಿಯಲ್ಲಿ ನೀರನ್ನು ಯಾರೂ ಎತ್ತಿ ಹಾಕಲಿಲ್ಲ. ಎತ್ತರದ ಕಡೆ ನೀರು ನಿಂತಿತ್ತು, ತಗ್ಗಿನ ಕಡೆ ಊರಿತ್ತು. ಉಳಿದದ್ದನ್ನು ಇಳಿಜಾರು ಮಾಡಿತು. ಅಂದರೆ ಇಳಿತವನ್ನು ಬಳಸಿಕೊಳ್ಳುವ ಜಾಣತನ ಈ ನೆಲಕ್ಕೆ ಹೊಸದಲ್ಲ. ವಿದ್ಯುತ್ತು ಬಂದದ್ದು ಮಾತ್ರ ಆಮೇಲೆ.

ನದಿಯ ನಂಟಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಒಂದು ಭಾರಿ ಕೆರೆ ಕಟ್ಟಿಸುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಇರುವೆಗಳಂತೆ ಕೆಲಸ ಮಾಡುತ್ತಿದ್ದರಂತೆ. ಕಟ್ಟೆ ಮತ್ತೆ ಮತ್ತೆ ಒಡೆದ ಕಥೆಯೂ ಅಲ್ಲಿದೆ. ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟರೆ ಸಿಗುವ ದೊಡ್ಡ ಏರಿಯೇ ಆ ಕೆರೆಯದ್ದು ಎಂದು ಇತಿಹಾಸಕಾರ ರಾಬರ್ಟ್ ಸೀವೆಲ್ ಗುರುತಿಸಿದ್ದಾನೆ. ಏರಿ ಈಗಲೂ ಗಟ್ಟಿಯಾಗಿ ನಿಂತಿದೆ. ಅದರ ಹಿಂದೆ ಕೆರೆಯೆಂಬ ಕೆರೆ ಉಳಿಯಲಿಲ್ಲ. ಅದು ಮುಖ್ಯವಾಗಿ ಗುಡ್ಡದ ಕಡೆಯ ನೀರನ್ನು ನಂಬಿತ್ತು. ಇತ್ತ ಕಮಲಾಪುರದ ಕೆರೆ ಉಳಿಯಿತು. ಕಟ್ಟಿದ ಅರಸರು ಒಂದೇ ನಾಡಿನವರು. ಕಲ್ಲು ಒಂದೇ, ಮಣ್ಣು ಒಂದೇ. ಉಳಿವಿಗೂ ಅಳಿವಿಗೂ ನಡುವೆ ಇದ್ದದ್ದು ವರ್ಷವರ್ಷವೂ ತಪ್ಪದೆ ಬರುವ ನೀರಿನ ಸರದಿ. ಇದನ್ನು ನೆನಪಿಡಿ. ನೀರಿನ ಸರದಿ ತಪ್ಪಿದರೆ ಏರಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಇಷ್ಟು ಹಳೆಯ ಕಾಲದ ಮಾತಾಯಿತು. ಕೆರೆಗೆ ನದಿ ಬೇಕು, ಕಾಲುವೆ ಬೇಕು, ಸರದಿ ಬೇಕು ಎಂದು ಕಂಡೆವು. ಈಗ ಅಣೆಕಟ್ಟಿಗೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು. ಆಗ ನದಿಯ ಬಲದಂಡೆ ಮದರಾಸು ಪ್ರಾಂತ್ಯದ್ದು, ಎಡದಂಡೆ ಹೈದರಾಬಾದ್ ನಿಜಾಮರದ್ದು. ಎರಡು ಸರ್ಕಾರ ಸೇರಿ ಒಂದು ಕಟ್ಟೆ ಕಟ್ಟಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿಗಳು ಬದಲಾದವು, ಕಟ್ಟೆ ಅಲ್ಲೇ ಇತ್ತು. ಹಾಗಾಗಿ ನೀರು ಹಂಚಲು ತುಂಗಭದ್ರಾ ಮಂಡಳಿ ಬಂತು. ಕಟ್ಟೆಯ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಗೇಟುಗಳು 33. ಪೂರ್ತಿ ತುಂಬಿದಾಗ ನೀರು ಹರಡಿಕೊಳ್ಳುವ ಜಾಗ ಸುಮಾರು 380 ಚದರ ಕಿಲೋಮೀಟರ್. ದಡದಲ್ಲಿ ನಿಂತರೆ ಆಚೆಯ ದಡ ಕಾಣದು. ಗಾಳಿ ಬೀಸಿದರೆ ಅಲೆಗಳು ಕಲ್ಲಿಗೆ ಅಪ್ಪಳಿಸುವ ಸದ್ದು ಕೇಳುತ್ತದೆ. ಸಮುದ್ರ ಇಲ್ಲಿಂದ ಬಹು ದೂರ. ಆದರೂ ಕರಾವಳಿಯಂಥ ಒಂದು ತೀರ ನಮ್ಮ ಬಯಲಿಗೆ ದಕ್ಕಿದೆ. ವಿಜಯನಗರದ ಹಳೆಯ ವಲ್ಲಭಾಪುರದ ಒಡ್ಡು ಈ ನೀರಿನಡಿಯಲ್ಲೇ ಮುಳುಗಿತು. ರಾಯ ಕಾಲುವೆಗೂ ಬಸವಣ್ಣ ಕಾಲುವೆಗೂ ಹಿಂದೆ ಇಂಥ ಒಡ್ಡುಗಳಿಂದಲೇ ನೀರು ಬರುತ್ತಿತ್ತು. ಈಗ ಅವಕ್ಕೆ ಜಲಾಶಯದಿಂದಲೇ ನೀರು ಬಿಡುತ್ತಾರೆ. ಕಮಲಾಪುರದ ಕೆರೆ ಹೀಗೆ ದೊಡ್ಡ ಜಲಾಶಯದ ಮಗುವಾಯಿತು.

ವಿದ್ಯುತ್ ಎಲ್ಲಿ ಹುಟ್ಟುತ್ತದೆ? ಅಣೆಕಟ್ಟಿನ ಬುಡದಲ್ಲಿ ಬಲಗಡೆ ಒಂದು ಪವರ್ ಹೌಸ್ ಇದೆ. ಅದರ ಶಕ್ತಿ 36 ಮೆಗಾವ್ಯಾಟ್. ಅಲ್ಲಿ ಚಕ್ರ ತಿರುಗಿಸಿ ಹೊರಬಂದ ನೀರು ನದಿಗೆ ಬೀಳುವುದಿಲ್ಲ. ಪವರ್ ಕಾಲುವೆಗೆ ಇಳಿಯುತ್ತದೆ. ಆ ಕಾಲುವೆ ಗುಡ್ಡಗಳ ಪಕ್ಕ ಹಿಡಿದು ಸುಮಾರು 22 ಕಿಲೋಮೀಟರ್ ಸಾಗುತ್ತದೆ. ನೆಲ ನದಿಯ ಜೊತೆಗೆ ಬೇಗ ಬೇಗ ಇಳಿಯುತ್ತದೆ, ಕಾಲುವೆ ಮೆಲ್ಲಗೆ ಇಳಿಯುತ್ತದೆ. ಹೀಗೆ ಮುಂದೆ ಹೋದಷ್ಟೂ ಕಾಲುವೆಗೂ ನದಿಗೂ ನಡುವಿನ ಎತ್ತರ ಹೆಚ್ಚುತ್ತದೆ. ಒಂದು ಹಂತದಲ್ಲಿ ಕಾಲುವೆಯ ನೀರು ಎರಡಾಗುತ್ತದೆ. ಒಂದು ಪಾಲು ಎಲ್‌ಎಲ್‌ಸಿ, ಅಂದರೆ ಕೆಳಮಟ್ಟದ ಕಾಲುವೆಯಾಗಿ ಹೊಲಗಳ ಕಡೆ ಹೋಗುತ್ತದೆ. ಇನ್ನೊಂದು ಪಾಲು ಹಂಪಿ ಪವರ್ ಹೌಸಿನಲ್ಲಿ ದೊಡ್ಡ ಕೊಳವೆಗಳಲ್ಲಿ ಧುಮುಕಿ, ಮತ್ತೆ ಚಕ್ರ ತಿರುಗಿಸಿ, ನದಿ ಸೇರುತ್ತದೆ. ಅಲ್ಲಿಯೂ ಶಕ್ತಿ 36 ಮೆಗಾವ್ಯಾಟ್. ನದಿ ಸೇರಿದ ನೀರು ಮುಂದೆ ರಾಜೋಳಿಬಂಡ, ಕರ್ನೂಲು ಕಡಪ ಕಾಲುವೆಗಳ ರೈತರಿಗೆ ಬರುತ್ತದೆ. ಎಡಗಡೆ ಮುನಿರಾಬಾದಿನಲ್ಲಿ 28 ಮೆಗಾವ್ಯಾಟಿನ ಇನ್ನೊಂದು ಕೇಂದ್ರ. ಮೂರೂ ಸೇರಿ ನೂರು ಮೆಗಾವ್ಯಾಟ್. ಬಲದಂಡೆಯ ಎರಡು ಕೇಂದ್ರಗಳ ವಿದ್ಯುತ್ತಿನಲ್ಲಿ ಕರ್ನಾಟಕದ ಪಾಲು ಐದರಲ್ಲಿ ಒಂದು, ಉಳಿದದ್ದು ಆಂಧ್ರಕ್ಕೆ. ಈಗ ಒಂದು ಸೂಕ್ಷ್ಮವನ್ನು ಗಮನಿಸಿ. ಕಟ್ಟೆಯ ಬುಡದ ಪವರ್ ಹೌಸಿಗೆ ಜಲಾಶಯ ತುಂಬಿದ್ದಷ್ಟೂ ಲಾಭ. ನೀರಿನ ಮಟ್ಟ ಇಳಿದರೆ ಅದರ ಬಲವೂ ಇಳಿಯುತ್ತದೆ. ಹಂಪಿ ಪವರ್ ಹೌಸಿಗೆ ಆ ಚಿಂತೆ ಇಲ್ಲ. ಅದರ ಇಳಿತವನ್ನು ಕಾಲುವೆಯ ಮಟ್ಟ ಗೊತ್ತುಮಾಡುತ್ತದೆ. ಜಲಾಶಯ ಅರ್ಧಕ್ಕೆ ಇಳಿದಿರಲಿ, ಕಾಲುವೆಯಲ್ಲಿ ನೀರು ಹರಿದರೆ ಸಾಕು. ನೀರನ್ನು ಕೂಡಿಟ್ಟುಕೊಳ್ಳಬೇಕೆಂಬ ಆಸೆ ಇಲ್ಲದ ವಿದ್ಯುತ್ ಕೇಂದ್ರ ಅದು. ಇಳಿತವನ್ನಷ್ಟೇ ತೆಗೆದುಕೊಳ್ಳಲಿ ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿ ಇರುವುದು ಇದೇ ಕೇಂದ್ರ.

ನೀರು ಹರಿಯುವ ದಾರಿ ಈಗ ನಿಮಗೆ ಸ್ಪಷ್ಟವಾಗಿರಬಹುದು. ಜಲಾಶಯ, ಚಕ್ರ, ಕಾಲುವೆ, ಮತ್ತೆ ಚಕ್ರ, ಆಮೇಲೆ ಹೊಲ ಅಥವಾ ನದಿ. ಮುಂದಿನ ಮಾತು ಲೆಕ್ಕದ್ದು. ಇಷ್ಟು ದೊಡ್ಡ ಜಲಾಶಯಕ್ಕೆ ಬರೀ ನೂರು ಮೆಗಾವ್ಯಾಟೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಶರಾವತಿಯ ಲಿಂಗನಮಕ್ಕಿಯನ್ನು ಪಕ್ಕಕ್ಕಿಟ್ಟು ನೋಡೋಣ. ಲಿಂಗನಮಕ್ಕಿ ಹಿಡಿಯುವ ನೀರು ಸುಮಾರು 150 ಟಿಎಂಸಿ, ಅಂದರೆ 150 ಶತಕೋಟಿ ಘನ ಅಡಿ. ತುಂಗಭದ್ರೆ ಕಟ್ಟಿದಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಜಲಾಶಯಗಳು. ಆದರೆ ಶರಾವತಿ ವಿದ್ಯುದಾಗಾರ ಒಂದರ ಶಕ್ತಿಯೇ ಸಾವಿರ ಮೆಗಾವ್ಯಾಟಿಗೂ ಹೆಚ್ಚು. ವ್ಯತ್ಯಾಸ ಎಲ್ಲಿದೆ? ಇಳಿತದಲ್ಲಿದೆ. ಅಲ್ಲಿ ನೀರು ಘಟ್ಟದ ಅಂಚಿನಿಂದ ನಾನೂರು ಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಇಲ್ಲಿಯ ಇಳಿತವನ್ನು ಲೆಕ್ಕಕ್ಕೆ 25 ಮೀಟರ್ ಎಂದು ಹಿಡಿಯೋಣ. ಒಂದು ಟಿಎಂಸಿ ನೀರು ಒಂದು ಮೀಟರ್ ಕೆಳಗೆ ಬಿದ್ದರೆ, ಯಂತ್ರದ ನಷ್ಟ ಕಳೆದು, ಸುಮಾರು 65 ಸಾವಿರ ಯೂನಿಟ್ ವಿದ್ಯುತ್ ಸಿಗುತ್ತದೆ. 25 ಮೀಟರ್ ಬಿದ್ದರೆ 16 ಲಕ್ಷ ಯೂನಿಟ್. 400 ಮೀಟರ್ ಬಿದ್ದರೆ ಎರಡೂವರೆ ಕೋಟಿಗೂ ಹೆಚ್ಚು. ನೀರು ಅಷ್ಟೇ, ಫಲ ಹದಿನಾರು ಪಟ್ಟು. ಬಯಲಿನ ನದಿಯನ್ನು ಘಟ್ಟದ ನದಿಯ ತಕ್ಕಡಿಯಲ್ಲಿ ತೂಗಬಾರದು ಎಂಬುದಕ್ಕೆ ಇದೊಂದು ಲೆಕ್ಕವೇ ಸಾಕು.

ಇದೇ ಒಂದು ಟಿಎಂಸಿ ನೀರು ಹೊಲದಲ್ಲಿ ಏನು ಮಾಡುತ್ತದೆ? ಅದರಿಂದ ಸುಮಾರು ಐದು ಸಾವಿರ ಎಕರೆ ಭತ್ತ ಬೆಳೆಯಬಹುದು. ಜೋಳ, ಕಡಲೆ, ಸೂರ್ಯಕಾಂತಿಯಂಥ ಕಡಿಮೆ ನೀರಿನ ಬೆಳೆಯಾದರೆ ಎಕರೆ ಇಮ್ಮಡಿಯಾಗುತ್ತದೆ. ಎಕರೆಗೆ ಇಪ್ಪತ್ತು ಕ್ವಿಂಟಾಲ್ ಭತ್ತ, ಕ್ವಿಂಟಾಲಿಗೆ ಎರಡು ಸಾವಿರ ರೂಪಾಯಿ ಎಂದು ಹಿಡಿದರೂ ಒಂದು ಟಿಎಂಸಿಯ ಬೆಳೆಯ ಬೆಲೆ ಇಪ್ಪತ್ತು ಕೋಟಿ. ಹದಿನಾರು ಲಕ್ಷ ಯೂನಿಟ್ ವಿದ್ಯುತ್ತಿಗೆ ಯೂನಿಟ್ಟಿಗೆ ಐದು ರೂಪಾಯಿ ಕೊಟ್ಟರೂ ಸಿಗುವುದು ಎಂಬತ್ತು ಲಕ್ಷ. ಬೀಜ, ಗೊಬ್ಬರ, ಕೂಲಿ, ಸಾಲದ ಬಡ್ಡಿ ಕಳೆಯಬೇಕಲ್ಲವೇ ಎಂದು ಯಾರಾದರೂ ಹೇಳಬಹುದು. ಸರಿ, ಕಳೆಯೋಣ. ಐದರಲ್ಲಿ ಒಂದು ಪಾಲು ಮಾತ್ರ ರೈತನ ಕೈಗೆ ಉಳಿಯಿತು ಎನ್ನೋಣ. ಆಗಲೂ ನಾಲ್ಕು ಕೋಟಿ. ಕಳೆದುಹೋದ ಹಣವೂ ಎಲ್ಲಿಗೂ ಹೋಗುವುದಿಲ್ಲ. ನಾಟಿಗೆ ಬಂದವರ ಕೂಲಿಯಾಗಿ, ಕಂಪ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳ ಹಮಾಲರ ದುಡಿಮೆಯಾಗಿ ಊರಿನಲ್ಲೇ ಓಡಾಡುತ್ತದೆ. ಈ ಲೆಕ್ಕದ ಮುಖ್ಯ ಮಾತು ಇನ್ನೊಂದಿದೆ. ಚಕ್ರ ತಿರುಗಿಸಿದ ನೀರು ಕಡಿಮೆಯಾಗುವುದಿಲ್ಲ. ಹೊಕ್ಕಷ್ಟೇ ಹೊರಬರುತ್ತದೆ. ಆದ್ದರಿಂದ ಎಂಬತ್ತು ಲಕ್ಷವೋ ಇಪ್ಪತ್ತು ಕೋಟಿಯೋ ಎಂದು ಆರಿಸಿಕೊಳ್ಳುವ ಸಂಕಟ ನಮಗೆ ಇಲ್ಲವೇ ಇಲ್ಲ. ಹೊಲಕ್ಕೆ ನೀರು ಬೇಕಾದ ದಿನ ಚಕ್ರವೂ ತಿರುಗಿದರೆ ಎರಡೂ ಸಿಗುತ್ತವೆ. ಸಂಕಟ ಬರುವುದು ಹೊಲಕ್ಕೆ ಬೇಡದ ದಿನ ಚಕ್ರಕ್ಕಾಗಿ ನೀರು ಬಿಟ್ಟಾಗ. ಆಗ ಎಂಬತ್ತು ಲಕ್ಷಕ್ಕಾಗಿ ಇಪ್ಪತ್ತು ಕೋಟಿ ಕೈಬಿಟ್ಟ ಹಾಗೆ.

ಇಲ್ಲಿಯವರೆಗೆ ಎರಡು ಮಾತು ಆಯಿತು. ನಮ್ಮ ನೀರಿಗೆ ಇಳಿತ ಕಡಿಮೆ. ನಮ್ಮ ನೀರಿಗೆ ಹೊಲದಲ್ಲಿ ಬೆಲೆ ಹೆಚ್ಚು. ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಹೀಗಿದೆ. ವಿದ್ಯುತ್ ಕೂಡ ರೈತನಿಗೇ ಬೇಕಲ್ಲವೇ? ಕೊಳವೆಬಾವಿಯ ಮೋಟಾರು ಓಡುವುದು ವಿದ್ಯುತ್ತಿನಿಂದ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಇಡೀ ರಾಜ್ಯದಲ್ಲಿ ಬೇಡಿಕೆ ಏರುತ್ತದೆ. ಜಲವಿದ್ಯುತ್ ಕೇಂದ್ರವನ್ನು ಬೇಕಾದಾಗ ನಿಮಿಷಗಳಲ್ಲಿ ಚಾಲೂ ಮಾಡಬಹುದು. ಹಾಗಿರುವಾಗ ಅದನ್ನು ಬೇಸಾಯದ ಸರದಿಗೆ ಕಟ್ಟಿಹಾಕುವುದು ಸರಿಯೇ? ಈ ಮಾತಿನಲ್ಲಿ ಹುರುಳಿದೆ. ಆದರೆ ಅದು ಶರಾವತಿಗೆ, ಕಾಳಿಗೆ, ವರಾಹಿಗೆ ಒಪ್ಪುವ ಮಾತು. ಅಲ್ಲಿಯೂ ಬೆಲೆ ತೆರದೆ ಏನೂ ಬಂದಿಲ್ಲ. ಶರಾವತಿಯ ವಿದ್ಯುದಾಗಾರಗಳಿಂದ ಇಳಿದ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಬರುತ್ತದೆ. ಅಲ್ಲಿಯ ನೀರಿನ ಉಪ್ಪು ಕಡಿಮೆಯಾಯಿತು. ಉಪ್ಪನ್ನು ನಂಬಿದ ಚಿಪ್ಪಿಕಲ್ಲುಗಳು, ಮೀನುಗಳು ಕಡಿಮೆಯಾದವು. ಪಕ್ಕದಲ್ಲೇ ಅಣೆಕಟ್ಟಿಲ್ಲದ ಅಘನಾಶಿನಿ ಇದೆ. ಅದರ ಅಳಿವೆ ಚಿಪ್ಪಿಗೂ ಮೀನಿಗೂ ಇನ್ನೂ ಹೆಸರಾಗಿದೆ. 2024ರಲ್ಲಿ ಅದಕ್ಕೆ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಬಂತು. ನಾನೂರು ಮೀಟರ್ ಇಳಿತಕ್ಕಾಗಿ ನಾಡು ಆ ಬೆಲೆ ತೆತ್ತಿತು. 25 ಮೀಟರ್ ಇಳಿತಕ್ಕಾಗಿ ಅಂಥ ಬೆಲೆ ತೆರುವುದು ಲೆಕ್ಕಕ್ಕೆ ಬಾರದು. ನಮ್ಮ ನದಿಯಲ್ಲಿಯೂ ತೆರಬೇಕಾದ ಬೆಲೆ ಇದೆ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬಂಡೆಗಳ ಸಂದಿನಲ್ಲಿ ಮರಿ ಸಾಕುವ ಪ್ರಾಣಿ ಅದು. ಸಂಜೆ ಏಕಾಏಕಿ ನೀರು ಏರಿ, ಬೆಳಗ್ಗೆ ಏಕಾಏಕಿ ಇಳಿಯುವ ನದಿಯಲ್ಲಿ ಅದರ ಬಾಳು ಕಷ್ಟ. ಹರಿಗೋಲು ಹಾಕುವವರ ಪಾಡೂ ಅಷ್ಟೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಅದರ ಪೂರ್ತಿ ಬಲದಲ್ಲಿಯೇ ಹೇಳುತ್ತೇನೆ. ಕುಡತಿನಿಯಲ್ಲಿ ಬಳ್ಳಾರಿ ಶಾಖೋತ್ಪನ್ನ ಕೇಂದ್ರವಿದೆ. ಕಲ್ಲಿದ್ದಲಿನದು. ಅದರ ಶಕ್ತಿ 1,700 ಮೆಗಾವ್ಯಾಟ್. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಸಮೂಹದ 860 ಮೆಗಾವ್ಯಾಟ್ ಕೇಂದ್ರವಿದೆ. ನೂರು ಮೆಗಾವ್ಯಾಟಿನ ಜಲವಿದ್ಯುತ್ತಿಗೆ ನಿಯಮ, ನೀತಿ ಎಂದು ತಲೆ ಕೆಡಿಸಿಕೊಳ್ಳುವ ಬದಲು, ನೀರನ್ನು ಇವಕ್ಕೇ ಕೊಟ್ಟರೆ ಆಗದೇ? ಲೆಕ್ಕ ಹಾಕಿ ನೋಡೋಣ. ತಣಿಸುವ ಗೋಪುರವಿರುವ ಹಳೆಯ ಕೇಂದ್ರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಒಂದು ಮಿತಿ ಹಾಕಿತು. ಸಾವಿರ ಯೂನಿಟ್ ವಿದ್ಯುತ್ತಿಗೆ ಮೂರೂವರೆ ಸಾವಿರ ಲೀಟರ್ ನೀರು ಎಂದು. 1,700 ಮೆಗಾವ್ಯಾಟಿನ ಕೇಂದ್ರವೊಂದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಓಡಿದರೆ, ಈ ಮಿತಿಯ ಪ್ರಕಾರ, ವರ್ಷಕ್ಕೆ ಸುಮಾರು ಒಂದು ಟಿಎಂಸಿ ನೀರು ಬೇಕು. ಅಷ್ಟು ನೀರಿಗೆ ಅದು ಕೊಡುವ ವಿದ್ಯುತ್ ನೂರಾರು ಕೋಟಿ ಯೂನಿಟ್. ನಮ್ಮ ಇಳಿತದ ಹದಿನಾರು ಲಕ್ಷ ಅದರ ಮುಂದೆ ಏನೇನೂ ಅಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಇನ್ನೊಂದನ್ನೂ ಹೇಳಬೇಕು. ತುಂಬಿದ ಜಲಾಶಯದ ಮೇಲಿನಿಂದ ಒಂದು ಮೀಟರ್ ನೀರು ಬಿಸಿಲಿಗೆ ಆವಿಯಾದರೆ ಹದಿಮೂರು ಟಿಎಂಸಿ ಹೋದಂತೆ. ಅದರ ಮುಂದೆಯೂ ಒಂದು ಟಿಎಂಸಿ ದೊಡ್ಡದಲ್ಲ.

ಹಾಗಾದರೆ ಕಲ್ಲಿದ್ದಲಿನ ಕೇಂದ್ರದ ಬಗ್ಗೆ ನನ್ನ ತಕರಾರು ಏನು? ಮೂರು ಇವೆ. ಅದು ತೆಗೆದುಕೊಂಡ ನೀರು ಹಿಂದಿರುಗುವುದಿಲ್ಲ. ಗೋಪುರದ ಬಾಯಿಯಿಂದ ಬಿಳಿ ಹಬೆಯಾಗಿ ಹೋಗುತ್ತದೆ. ಚಕ್ರ ತಿರುಗಿಸಿದ ನೀರು ಮುಂದೆ ಇನ್ನೊಂದು ಚಕ್ರಕ್ಕೆ, ಇನ್ನೊಂದು ಗದ್ದೆಗೆ ಒದಗುತ್ತದೆ. ಹಬೆಯಾದ ನೀರು ಯಾರಿಗೂ ಒದಗದು. ಎರಡನೆಯದು ಕಾಲದ್ದು. ಬೇಸಾಯಕ್ಕೆ ಸರದಿ ಇದೆ, ಬಿಡುವು ಇದೆ. ಕಲ್ಲಿದ್ದಲಿನ ಕೇಂದ್ರಕ್ಕೆ ಬಿಡುವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಜಲಾಶಯದ ತಳ ಕಾಣುವಾಗಲೂ ಅದಕ್ಕೆ ದಿನದ ನೀರು ದಿನಕ್ಕೆ ಬೇಕು. ಮೇ ತಿಂಗಳ ನೀರು ಊರುಗಳು ಕುಡಿಯುವ ನೀರು. ಮೂರನೆಯದು ಪೈಪಿನದು. ಪೈಪಿನಲ್ಲಿ ಹೋಗುವ ನೀರಿಗೆ ಒಪ್ಪಂದದ ಕಾವಲು ಇರುತ್ತದೆ. ಕಾಲುವೆಯ ತುದಿಯ ರೈತನಿಗೆ ಅಂಥ ಕಾವಲು ಇಲ್ಲ. ಕೊರತೆ ಬಂದ ವರ್ಷ ಮೊದಲು ಒಣಗುವುದು ಅವನ ಹೊಲ. ಹಾಗೆಂದು ಆ ಕೇಂದ್ರಗಳನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅವು ಬೇರೆ ನೀರು ಕುಡಿಯಲಿ. ಊರಿನ ಚರಂಡಿ ಸಂಸ್ಕರಣಾ ಘಟಕದಿಂದ ಐವತ್ತು ಕಿಲೋಮೀಟರ್ ಒಳಗಿರುವ ಶಾಖೋತ್ಪನ್ನ ಕೇಂದ್ರಗಳು ಶುದ್ಧೀಕರಿಸಿದ ಕೊಳಚೆ ನೀರನ್ನೇ ಬಳಸಬೇಕು ಎಂದು ಕೇಂದ್ರ ಸರ್ಕಾರದ 2016ರ ವಿದ್ಯುತ್ ದರ ನೀತಿಯೇ ಹೇಳುತ್ತದೆ. ಬಳ್ಳಾರಿ ನಗರ ಕುಡತಿನಿಗೆ ಅಷ್ಟು ದೂರವೂ ಇಲ್ಲ. ಹೊಸಪೇಟೆಯಂಥ ಊರೂ ಆಸುಪಾಸಿನಲ್ಲೇ ಇದೆ. ಲಕ್ಷಾಂತರ ಜನ ಬಳಸಿ ಬಿಟ್ಟ ನೀರು ವರ್ಷದ ಎಲ್ಲ ದಿನ, ಮೇ ತಿಂಗಳಲ್ಲೂ, ತಪ್ಪದೆ ಹರಿಯುತ್ತದೆ. ಬಿಡುವಿಲ್ಲದ ಯಂತ್ರಕ್ಕೆ ಬಿಡುವಿಲ್ಲದ ನೀರೇ ಹೊಂದುತ್ತದೆ.

ಜಲವಿದ್ಯುತ್ತಿನ ಮಾತು, ಕಲ್ಲಿದ್ದಲಿನ ಮಾತು ಮುಗಿದವು. ಈಗ ಸೂರ್ಯನ ಮಾತು. ನೀರಿನ ಮೇಲೆ ಸೋಲಾರ್ ಫಲಕ ತೇಲಿಬಿಡುವ ಯೋಜನೆಗಳನ್ನು ನೀವು ಕೇಳಿರಬಹುದು. ಕೇರಳದ ಕಾಯಂಕುಳಂ ಕಡಲಿಗೆ ತಾಗಿದ ಹಿನ್ನೀರಿನ ಸರೋವರ. ಅಲ್ಲಿ ಎನ್‌ಟಿಪಿಸಿ ಸಂಸ್ಥೆ 92 ಮೆಗಾವ್ಯಾಟಿನ ತೇಲುವ ಸೋಲಾರ್ ಕೇಂದ್ರ ಕಟ್ಟಿದೆ. ತೆಲಂಗಾಣದ ರಾಮಗುಂಡಂನಲ್ಲಿ ನೂರು ಮೆಗಾವ್ಯಾಟಿನದು, ಸುಮಾರು ಐನೂರು ಎಕರೆ ನೀರಿನ ಮೇಲೆ. ಎರಡೂ 2022ರಲ್ಲಿ ಪೂರ್ಣಗೊಂಡವು. ತುಂಗಭದ್ರೆಯ ಮೂರು ಪವರ್ ಹೌಸುಗಳ ಒಟ್ಟು ಶಕ್ತಿ ಐನೂರು ಎಕರೆಯಲ್ಲಿ ಸಿಗುವುದಾದರೆ ಬೇಡವೇಕೆ ಎಂದು ಕೇಳುವವರಿದ್ದಾರೆ. ನನ್ನ ಅಳತೆಗೋಲಿನಿಂದಲೇ ಇದನ್ನು ನೋಡಿದರೆ, ತೇಲುವ ಫಲಕ ನೀರನ್ನು ತೆಗೆದುಕೊಳ್ಳುವುದಿಲ್ಲ. ಸರದಿಯನ್ನೂ ಕೆಡಿಸುವುದಿಲ್ಲ. ಆವಿಯಾಗುವುದನ್ನು ಸ್ವಲ್ಪ ತಡೆಯಲೂಬಹುದು. ಆದ್ದರಿಂದ ಅದನ್ನು ಸಾರಾಸಗಟಾಗಿ ತಳ್ಳಿಹಾಕಲು ನನಗೆ ಕಾರಣವಿಲ್ಲ. ಆದರೆ ಅದು ಜಾಗ ತೆಗೆದುಕೊಳ್ಳುತ್ತದೆ. ಯಾರ ಜಾಗ? ತುಂಗಭದ್ರೆಯ ನೀರು ವರ್ಷಕ್ಕೆ ನಲವತ್ತು ಐವತ್ತು ಅಡಿ ಏರಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಮೈಲಿಗಟ್ಟಲೆ ಹಿಂದೆ ಸರಿಯುತ್ತದೆ. ಅಂಚಿನಲ್ಲಿ ಹಾಕಿದ ಫಲಕ ಆಗ ಕೆಸರಿನಲ್ಲಿ ಕೂರುತ್ತದೆ. ಹಾಕುವುದಾದರೆ ಕಟ್ಟೆಯ ಹತ್ತಿರದ ಆಳದಲ್ಲಿ ಹಾಕಬೇಕು. ಅಲ್ಲಿ ಬಲೆ ಬೀಸುವ ಮೀನುಗಾರರನ್ನು ಮೊದಲು ಕೇಳಬೇಕು. ಅವರ ಒಪ್ಪಿಗೆಯಿಲ್ಲದೆ ಒಂದು ಫಲಕವೂ ಇಳಿಯಬಾರದು. ಕಮಲಾಪುರದ ಕೆರೆಯ ಮಾತು ಬೇರೆ. ಅದು ಚಿಕ್ಕದು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಈ ಕೆರೆ ಅದರ ನೀರಿನ ವ್ಯವಸ್ಥೆಯ ಅಂಗ. ಬಣ್ಣದ ಕೊಕ್ಕರೆಗಳು ಮೇಯುವ ನೀರು ಅದು. ಇಂಥ ಕೆರೆಗೆ ಬೆಲೆ ಕೊಡುವ ಕಾಲ ಬಂದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೂ 2024ರಲ್ಲೇ ರಾಮ್ಸಾರ್ ಪಟ್ಟ ಬಂದಿದೆ, ಪಕ್ಷಿಗಳ ಕಾರಣದಿಂದ. ಫಲಕಕ್ಕೆ ಬಿಸಿಲು ಬಿದ್ದ ಬರಡು ನೆಲ ನಮ್ಮಲ್ಲಿ ಬೇಕಾದಷ್ಟಿದೆ. ಪಾವಗಡದಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದದ್ದು ಒಣ ನೆಲದ ಮೇಲೆ. ಕೆರೆಗೆ ಬದಲಿ ಕೆರೆ ಇಲ್ಲ.

ಕೊನೆಯದಾಗಿ ಒಂದು ಸಂಗತಿ ಉಳಿದಿದೆ. ಇದುವರೆಗೆ ಇಳಿತದ ಮಾತಾಡಿದೆವು, ನೀರಿನ ಮಾತಾಡಿದೆವು, ಜಾಗದ ಮಾತಾಡಿದೆವು. ಇವೆಲ್ಲದರ ಕೆಳಗೆ ಕೂತಿರುವುದು ಹೂಳು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಇಪ್ಪತ್ತೇಳು ಇಪ್ಪತ್ತೆಂಟು ಟಿಎಂಸಿ ನೀರಿನ ಜಾಗದಲ್ಲಿ ಮಣ್ಣು ಕೂತಿದೆ. ನಮ್ಮ ಲೆಕ್ಕದಲ್ಲಿ ಅದು ಒಂದೂಕಾಲು ಲಕ್ಷ ಎಕರೆಗೂ ಮೀರಿದ ಭತ್ತದ ನೀರು. ವಿದ್ಯುತ್ತಿನಲ್ಲಿ ಹೇಳುವುದಾದರೆ ಒಂದು ಇಳಿತಕ್ಕೆ ನಾಲ್ಕು ಕೋಟಿ ಯೂನಿಟ್. ಹೊಲದ ಶತ್ರುವೂ ಚಕ್ರದ ಶತ್ರುವೂ ಇಲ್ಲಿ ಒಂದೇ. ಕಟ್ಟೆಯ ಆರೋಗ್ಯದ ಮಾತೂ ಇದಕ್ಕೆ ಸೇರಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ಹತ್ತಾರು ಟಿಎಂಸಿ ನದಿಗೆ ಹೋಯಿತು. ಮರುವರ್ಷ ಎಚ್ಚರಿಕೆಯಿಂದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಹೂಳಿನ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪವಿದೆ. ಅದಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. ಅದು ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕಮಲಾಪುರದಂಥ ಕೆರೆಗಳ ಹೂಳನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹಾಕಬಹುದು. ರೈತರು ಹಿಂದಿನಿಂದಲೂ ಮಾಡಿಕೊಂಡು ಬಂದ ಕೆಲಸ ಅದು. ಮುಂಗಾರಿನಲ್ಲಿ ಗೇಟು ತೆರೆದು ನೀರು ನದಿಗೆ ಹೋಗುವ ದಿನಗಳಲ್ಲಿ ರಾಯ ಕಾಲುವೆಯನ್ನು ತುಂಬಾ ಹರಿಸಿ, ಹೂಳೆತ್ತಿದ ಕೆರೆಯನ್ನು ಕೋಡಿ ಬೀಳುವವರೆಗೆ ತುಂಬಿಸಿಕೊಳ್ಳಬಹುದು. ಆ ದಿನಗಳಲ್ಲೇ ಪವರ್ ಕಾಲುವೆಯೂ ತುಂಬಿ ಹರಿದರೆ ಹಂಪಿ ಪವರ್ ಹೌಸಿನ ನಾಲ್ಕೂ ಯಂತ್ರಗಳು ಯಾರ ಪಾಲಿನ ನೀರನ್ನೂ ಕೇಳದೆ ತಿರುಗುತ್ತವೆ. ಪ್ರತಿವರ್ಷ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ. ಯಾವ ಕಾಲುವೆಗೆ ಯಾವ ದಿನದಿಂದ ಎಷ್ಟು ಕ್ಯೂಸೆಕ್ ಎಂಬ ಪಟ್ಟಿ ಅಲ್ಲಿ ಸಿದ್ಧವಾಗುತ್ತದೆ. ಕಮಲಾಪುರದ ಕೆರೆ ತುಂಬುವ ದಿನಾಂಕವೂ ಆ ಪಟ್ಟಿಯಲ್ಲಿ ಒಂದು ಸಾಲಾಗಿ ಬರಲಿ ಎಂದು ಈ ಭಾಗದ ನೀರು ಬಳಕೆದಾರರ ಸಂಘಗಳು ಈ ಸಲವೇ ಕೇಳಬೇಕು.